ಕೆಸರಿನ ನಡಿಗೆಯ ಉಪಾಧ್ಯರು

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಬೆಳಗಿನ ಹೊತ್ತು ನಡೆಯುವವರು ಯಾರೂ ಇರುವುದಿಲ್ಲ. ಓಡುವವರು ಮತ್ತು ಓಡುವವರಿಂದ ನೂಕಿಸಿಕೊಳ್ಳುವವರು, ಇಷ್ಟೇ ಅಲ್ಲಿನ ಜನ. ಈ ಎರಡೂ ಪಂಗಡಕ್ಕೆ ಸೇರದ ಒಬ್ಬರೇ ಒಬ್ಬರನ್ನು ನಾನು ಕಂಡಿದ್ದೇನೆ. ಅವರು ಮೊದಲು ಹಿಮ್ಮಡಿಯನ್ನು ಎತ್ತಿ, ಆಮೇಲೆ ಪಾದವನ್ನು ನೆಟ್ಟಗೆ ಮೇಲಕ್ಕೆಳೆದುಕೊಂಡು, ಕ್ಷಣಕಾಲ ಗಾಳಿಯಲ್ಲಿ ತಡೆದು, ಮುಂದಿನ ಜಾಗ ತಮ್ಮ ಭಾರವನ್ನು ಹೊತ್ತೀತೇ ಎಂದು ವಿಚಾರಿಸಿಕೊಂಡವರಂತೆ ಮೆಲ್ಲಗೆ ಊರುತ್ತಿದ್ದರು. ಒಣ ಕಾಂಕ್ರೀಟಿನ ಮೇಲೆ, ಎಂಟೂಕಾಲಿನ ಫಾಸ್ಟ್ ಲೋಕಲ್ ಬರುವ ಸಮಯದಲ್ಲಿ, ಈ ನಡಿಗೆ. ಮೊದಲ ಸಲ ನೋಡಿದವರು ಕಾಲುನೋವು ಎಂದುಕೊಳ್ಳುತ್ತಿದ್ದರು, ಎರಡನೆಯ ಸಲ ನೋಡಿದವರು ಅಹಂಕಾರ ಎಂದುಕೊಳ್ಳುತ್ತಿದ್ದರು. ನಿಜ ಸಂಗತಿಯೆಂದರೆ, ಸಮುದ್ರವು ಊರುಗಳ ನಡುವೆ ಚಾಚಿರುವ ತೋಳಿಗೆ ಇಲ್ಲಿಯವರು ಖಾಡಿ ಎನ್ನುತ್ತಾರಲ್ಲ, ಆ ಠಾಣೆ ಖಾಡಿಯ ಮೊಣಕಾಲುದ್ದದ ಕೆಸರಿನಲ್ಲಿ ವರ್ಷಾನುಗಟ್ಟಲೆ ಓಡಾಡಿ, ಕೆಸರಿನಿಂದ ಕಾಲು ಕೀಳುವ ಕ್ರಮವೇ ಅವರ ನಡಿಗೆಯಾಗಿ ನಿಂತುಬಿಟ್ಟಿತ್ತು. ಕೆಸರು ಬಿಟ್ಟರೂ ಕಾಲು ಬಿಡಲಿಲ್ಲ.

ಹೆಸರು ಪುಂಡರೀಕಾಕ್ಷ ಉಪಾಧ್ಯ. ಉಡುಪಿ ಕಡೆಯ ವೈದಿಕ ಮನೆತನ. ತಂದೆ ಕಲ್ಯಾಣದ ಹೋಟೆಲೊಂದರ ಗಲ್ಲಾದ ಮೇಲೆ ಕೂತು ಆಯುಷ್ಯ ಕಳೆದವರು, ಮಗ ಅಲ್ಲಿಯೇ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ. ಹಣೆಯಲ್ಲಿ ಗೋಪಿಚಂದನ, ತಟ್ಟೆಯಲ್ಲಿ ಈರುಳ್ಳಿಯೂ ಇಲ್ಲದ ಊಟ. ಮೀನಿನ ರುಚಿ ಕನಸಿನಲ್ಲಿಯೂ ಕಂಡವರಲ್ಲ. ಇಂಥವರು ತಮ್ಮ ಜೀವಮಾನವನ್ನು ಸಮುದ್ರದ ಬಸವನಹುಳುಗಳ ಹೊಟ್ಟೆ ಬಗೆದು ನೋಡುವುದರಲ್ಲಿ ಸವೆಸಿದರು. ಯಾವ ಜಾತಿಯದು ಎಷ್ಟು ಆಳದಲ್ಲಿ ಬಾಳುತ್ತದೆ, ಆ ಆಳದಲ್ಲಿ ಅದು ಏನನ್ನು ತಿನ್ನುತ್ತದೆ. ಇವೆರಡೇ ಅವರ ಪ್ರಶ್ನೆಗಳು. ಇವುಗಳಿಗೆ ಉತ್ತರ ಸಿಕ್ಕಿದರೆ ಜಗತ್ತಿನ ಮಿಕ್ಕ ಪ್ರಶ್ನೆಗಳನ್ನು ಯಾರಾದರೂ ನೋಡಿಕೊಳ್ಳಲಿ ಎಂಬ ಭಾವ.

ನಮ್ಮ ಪರಿಚಯವಾದದ್ದು ವಾಸನೆಯ ಮೂಲಕ. ಎರಡು ಸಾವಿರದ ಎರಡೋ ಮೂರೋ ಇಸವಿ; ನಾನು ಠಾಣೆಯ ವಿಮಾ ಕಚೇರಿಯಿಂದ ಸಂಜೆಯ ಲೋಕಲ್‌ನಲ್ಲಿ ಮರಳುತ್ತಿದ್ದೆ. ಬೋಗಿಯಲ್ಲಿ ಏನೋ ಭಯಂಕರವಾಗಿ ನಾರುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿ ಮೂಗು ಮುಚ್ಚಿಕೊಂಡ ಜನ ಕೊನೆಗೆ ಬಾಗಿಲ ಬಳಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದ ಒಬ್ಬ ಮೀನುಗಾರನ ಮೇಲೆ ಹರಿಹಾಯತೊಡಗಿದರು. ಆಗ ಕಿಟಕಿಯ ಬಳಿಯಿಂದ, ಹಣೆಗೆ ಗೋಪಿಚಂದನವಿಟ್ಟ ಒಬ್ಬ ಸಭ್ಯ ಗೃಹಸ್ಥರು ಎದ್ದು ನಿಂತು, ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ತೋರಿಸಿ, ಶುದ್ಧ ಮರಾಠಿಯಲ್ಲಿ ಅದು ತಮ್ಮದೆಂದು ಒಪ್ಪಿಕೊಂಡರು. ಜನ ಅವರ ಹಣೆಯನ್ನೂ ಚೀಲವನ್ನೂ ಮತ್ತೆ ಮತ್ತೆ ನೋಡಿ, ಏನೂ ತಿಳಿಯದೆ, ಜಾಗ ಬಿಟ್ಟು ದೂರ ಸರಿದರು. ಹಾಗೆ ತೆರವಾದ ಜಾಗದಲ್ಲಿ ನಾನು ಹೋಗಿ ಕೂತೆ. ವಿಜಯಪುರ ಜಿಲ್ಲೆಯವನಾದ ನನಗೆ ಸಮುದ್ರವೆಂದರೆ ಕ್ಯಾಲೆಂಡರಿನ ಚಿತ್ರವಾಗಿತ್ತು; ಕುತೂಹಲಕ್ಕಿಂತ ಹೆಚ್ಚಾಗಿ ಸೀಟಿನ ಆಸೆಯೇ ನನ್ನನ್ನು ಅಲ್ಲಿಗೆ ಎಳೆದದ್ದು.

"ಏನೈತ್ರಿ ಇದರಾಗ?" ಎಂದು ಕನ್ನಡದಲ್ಲಿ ನನ್ನಷ್ಟಕ್ಕೆ ಗೊಣಗಿಕೊಂಡದ್ದು ಅವರಿಗೆ ಕೇಳಿಸಿತು.

"ಬಸವನಹುಳು," ಎಂದರು.

ಮುಂದೇನಾದರೂ ಹೇಳುತ್ತಾರೆಂದು ನಾನು ಕಾದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಮುಂಬ್ರಾ ದಾಟಿದ ಮೇಲೆ ನಾನೇ ಸೋತು, ಸತ್ತಿವೆಯೇ ಎಂದು ಕೇಳಿದೆ. "ಕೆಲವು ಸತ್ತಿವೆ. ಕೆಲವಕ್ಕೆ ಸುಸ್ತು ಉಂಟು," ಎಂದು ಮತ್ತೆ ಸುಮ್ಮನಾದರು. ಇವರಿಂದ ಮಾತು ಹೊರಡಿಸುವುದೆಂದರೆ ಆಳವಾದ ಬಾವಿಯಿಂದ ನೀರು ಸೇದುವ ಕೆಲಸವೆಂದೂ, ಪ್ರತಿ ಕೊಡಕ್ಕೂ ಹಗ್ಗವನ್ನು ಹೊಸದಾಗಿ ಇಳಿಸಬೇಕೆಂದೂ ಅವತ್ತೇ ತಿಳಿಯಿತು. ಆದರೆ ಇಳಿಸಿದ ಕೊಡ ಒಂದು ಸಲವೂ ಖಾಲಿ ಬರಲಿಲ್ಲ ಎಂಬುದನ್ನು ಮುಂದಿನ ಹತ್ತು ಹನ್ನೆರಡು ವರ್ಷಗಳ ಗೆಳೆತನದಲ್ಲಿ ಕಂಡುಕೊಂಡೆ.

ಅವರ ಕೋಟಿನ ವಿಷಯ ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಮೇ ತಿಂಗಳ ಧಗೆಯಲ್ಲಿಯೂ ಮೈಮೇಲಿರುತ್ತಿದ್ದ ಖಾಕಿ ಬಣ್ಣದ ಅರ್ಧ ತೋಳಿನ ಕೋಟು. ಅದರ ಹೊರಗೂ ಒಳಗೂ ಹೆಂಡತಿ ಜಲಜಾಕ್ಷಮ್ಮ ಕೈಯಾರೆ ಹೊಲಿದುಕೊಟ್ಟ ಜೇಬುಗಳು. ಹಿಂದೆ ಕ್ಯಾಮರಾದ ರೀಲು ಬರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಒಂದೊಂದು ಹುಳುವನ್ನು ಇಟ್ಟು, ದಡದ ಮೇಲ್ಭಾಗದಲ್ಲಿ ಸಿಕ್ಕಿದ್ದನ್ನು ಮೇಲಿನ ಜೇಬಿಗೆ, ನೀರಿನಂಚಿನದನ್ನು ನಡುವಿನ ಜೇಬಿಗೆ, ನೀರೊಳಗಿನದನ್ನು ಕೆಳಗಿನ ಜೇಬಿಗೆ ಹಾಕುತ್ತಿದ್ದರು. ಖಾಡಿಯಿಂದ ಮರಳಿ ಬರುವಾಗ ಆ ಕೋಟಿನಲ್ಲಿ ಆಳದ ಕ್ರಮ ತಪ್ಪುತ್ತಿರಲಿಲ್ಲ. ಡಿಜಿಟಲ್ ಕ್ಯಾಮರಾ ಬಂದು ರೀಲಿನ ಡಬ್ಬಿಗಳು ಮಾಯವಾದಾಗ ಅವರು ಫೋಟೋ ಸ್ಟುಡಿಯೋಗಳ ಮೆಟ್ಟಿಲು ಹತ್ತಿಳಿದು ಹಳೆಯ ಡಬ್ಬಿಗಳಿಗಾಗಿ ಅಂಗಲಾಚಿದ್ದನ್ನು ಕಂಡಿದ್ದೇನೆ. ತಂತ್ರಜ್ಞಾನದ ಮುನ್ನಡೆಯ ಬಗ್ಗೆ ಅವರ ಒಂದೇ ತಕರಾರು ಅದಾಗಿತ್ತು.

ಇನ್ನು ಮನೆ. ಗ್ಯಾಲರಿಯಲ್ಲಿ ಒಂದು ಪ್ರತ್ಯೇಕ ಸ್ಟವ್, ಒಂದು ಪ್ರತ್ಯೇಕ ಪಾತ್ರೆ; ಚಿಪ್ಪಿನಿಂದ ಮಾಂಸ ಬಿಡಿಸಲು ಕುದಿಸುವುದು ಅಲ್ಲಿ. ಕುದಿಸಿದ ದಿನ ತಲೆಗೆ ಸ್ನಾನ ಮಾಡದೆ ಹೊಸ್ತಿಲು ದಾಟುವಂತಿಲ್ಲ ಎಂಬುದು ಜಲಜಾಕ್ಷಮ್ಮನವರ ಕಾನೂನು. ಒಮ್ಮೆ ಸೊಸೈಟಿಯ ಸೆಕ್ರೆಟರಿ, ಮೂರನೆಯ ಮಹಡಿಯ ಭಟ್ಟರ ಮನೆಯಲ್ಲಿ ಮಾಂಸ ಬೇಯುತ್ತದೆ ಎಂಬ ದೂರನ್ನು ಹೊತ್ತು ಮೇಲೆ ಬಂದರು. ಉಪಾಧ್ಯರು ಅವರನ್ನು ಆದರದಿಂದ ಗ್ಯಾಲರಿಗೆ ಕರೆದೊಯ್ದು, ಪಾತ್ರೆಯ ಮುಚ್ಚಳ ತೆಗೆದು, ಇಕ್ಕಳದಿಂದ ಒಂದನ್ನೆತ್ತಿ, ಅದರ ನಾಲಗೆಯ ಮೇಲೆ ಅರದಂತೆ ಸಾಲು ಹಲ್ಲುಗಳಿರುವುದನ್ನು ತೋರಿಸಲು ಹೊರಟರು. ಸೆಕ್ರೆಟರಿ ಮತ್ತೆಂದೂ ಆ ಮಹಡಿಗೆ ಬರಲಿಲ್ಲ. "ಎಂತ ಮಾಡುದು ಬಿರಾದಾರ್ರೆ," ಎಂದು ಜಲಜಾಕ್ಷಮ್ಮ ನನ್ನ ಬಳಿ ಹೇಳಿದರು, "ಬೇರೆ ಗಂಡಸರು ಸಿಗರೇಟು ವಾಸನೆ ತರ್ತಾರೆ. ಇವರು ಸಮುದ್ರವನ್ನೇ ತರ್ತಾರೆ." ಹೇಳುವಾಗ ಅವರ ಮುಖದಲ್ಲಿ ಬೇಸರವಿತ್ತು, ದನಿಯಲ್ಲಿ ಇರಲಿಲ್ಲ.

ಊಟದ ವಿಷಯದಲ್ಲಿ ತಮ್ಮ ಮಟ್ಟಿಗೆ ಅಷ್ಟು ಕಟ್ಟುನಿಟ್ಟಾಗಿದ್ದವರು ಹುಳುಗಳ ಊಟದ ವಿಷಯದಲ್ಲಿ ಪರಮ ಉದಾರಿ. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಸಾತ್ವಿಕರನ್ನೂ, ಸತ್ತ ಮೀನಿನ ವಾಸನೆ ಹಿಡಿದು ಕೆಸರಿನಡಿಯಿಂದ ದಂಡುಗಟ್ಟಿ ಬರುವವರನ್ನೂ, ಪಕ್ಕದ ಚಿಪ್ಪಿನ ಮೇಲೆ ಕೂತು ಗಂಟೆಗಟ್ಟಲೆ ತೂತು ಕೊರೆದು ಒಳಗಿನವರನ್ನು ಹೀರುವ ಕೊಲೆಗಡುಕರನ್ನೂ ಅವರು ಒಂದೇ ಗೌರವದಿಂದ ಕಾಣುತ್ತಿದ್ದರು. ತೂತು ನೋಡಿ ಕೊರೆದವರ ಕುಲ ಹೇಳುತ್ತಿದ್ದರು. ಅಂಚು ಇಳಿಜಾರಾಗಿದ್ದರೆ ಒಂದು ಕುಲ, ನೆಟ್ಟಗಿದ್ದರೆ ಇನ್ನೊಂದು. ಒಂದು ವರ್ಷ ನಮ್ಮ ಕನ್ನಡ ಸಂಘದ ಗಣೇಶೋತ್ಸವದಲ್ಲಿ ಅವರನ್ನು ಶಂಖದ ಬಗ್ಗೆ ನಾಲ್ಕು ಮಾತಾಡಲು ಕೇಳಿದೆವು. ಮಹಿಮೆ ಹೇಳುತ್ತಾರೆಂದು ಎಣಿಸಿದ್ದವರ ಮುಂದೆ, ಶಂಖದೊಳಗೆ ಬಾಳುವ ಪ್ರಾಣಿ ಮರಳಿನಡಿಯ ಹುಳಗಳನ್ನು ಹಿಡಿದು ತಿನ್ನುತ್ತದೆ ಎಂದು ನಿರ್ವಿಕಾರವಾಗಿ ಹೇಳಿ ಕೂತರು. ಸಭೆಯ ಮುಂದಿನ ಸಾಲಿನ ಹಿರಿಯರೊಬ್ಬರು ಮುಖ ಗಂಟಿಕ್ಕಿ, ಹಾಗಾದರೆ ಪೂಜೆಗೆ ಹೇಗೆ ಬರುತ್ತದೆ ಎಂದು ಕೇಳಿದರು. "ಶಂಖ ಹುಳ ತಿಂತದೆ, ಊದುವ ಭಟ್ಟರು ಪಾಯಸ ತಿಂತಾರೆ," ಎಂದರು ಉಪಾಧ್ಯರು. "ನಾದಕ್ಕೆ ಎರಡೂ ಆಗ್ತದೆ." ಹಿರಿಯರು ಸೇರಿ ಎಲ್ಲರೂ ನಕ್ಕರು. ಉಪಾಧ್ಯರು ಮಾತ್ರ ನಗಲಿಲ್ಲ, ಯಾಕೆಂದರೆ ಅವರು ತಮಾಷೆ ಮಾಡಿರಲಿಲ್ಲ.

ಅವರಿಗೆ ಒಂದು ಮಾತಿನ ಚಟವಿತ್ತು: "ಒಳಗೆ ಜನ ಉಂಟಾ?" ಯಾರು ಯಾವ ಚಿಪ್ಪು ತಂದುಕೊಟ್ಟರೂ ಮೊದಲ ಪ್ರಶ್ನೆ ಇದೇ. ಚಿಪ್ಪು ಎಷ್ಟೇ ಸುಂದರವಾಗಿರಲಿ, ಒಳಗೆ ಪ್ರಾಣಿ ಬದುಕಿರುವುದನ್ನು ಕಣ್ಣಾರೆ ಕಂಡ ಹೊರತು ಆ ಜಾತಿ ಆ ಜಾಗದ್ದು ಎಂದು ಅವರು ಒಪ್ಪುತ್ತಿರಲಿಲ್ಲ. ಅಲೆ ಚಿಪ್ಪನ್ನು ಎಲ್ಲಿಂದ ಎಲ್ಲಿಗೋ ಒಯ್ಯುತ್ತದೆ. ಸ್ವಂತ ಚಿಪ್ಪಿಲ್ಲದ ಸನ್ಯಾಸಿ ಏಡಿ ಸತ್ತ ಹುಳುವಿನ ಚಿಪ್ಪಿನಲ್ಲಿ ಬಿಡಾರ ಹೂಡಿ ಅದನ್ನು ಹೊತ್ತು ತಿರುಗುತ್ತದೆ. ಆದ್ದರಿಂದ ಖಾಲಿ ಮನೆಯನ್ನು ಎಣಿಸಬಾರದು ಎಂಬುದು ಅವರ ಶಾಸ್ತ್ರ. ಇದು ಬರಬರುತ್ತ ಹುಳುಗಳ ಮೇರೆ ದಾಟಿತು. ಕಾಮೋಠೆಯಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಕೊಂಡ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಹೋಗಿದ್ದಾಗ, ಸುತ್ತ ಎದ್ದು ನಿಂತ ಸಾಲು ಸಾಲು ಕಟ್ಟಡಗಳನ್ನು ಕತ್ತೆತ್ತಿ ನೋಡಿ, ಊರು ಎಷ್ಟು ಬೆಳೆದಿದೆಯೆಂದು ಹಿಗ್ಗುತ್ತಿದ್ದ ಮನೆಯೊಡೆಯರನ್ನು ಅದೇ ಪ್ರಶ್ನೆ ಕೇಳಿ ಅವರ ಮುಖ ಬಾಡಿಸಿದರು.

ಆಳದ ಹುಳುಗಳನ್ನು ಅವರಿಗೆ ತಂದುಕೊಡುತ್ತಿದ್ದವರು ಧರ್ಮಪಾಲ ಎಂಬ ಮೊಗವೀರರು. ಮಲ್ಪೆಯಿಂದ ಬಂದು ಉರಣ್ ಕಡೆಯ ಬಂದರದಲ್ಲಿ ಟ್ರಾಲರ್ ದೋಣಿಗಳಿಗೆ ಮಂಜುಗಡ್ಡೆ ಪೂರೈಸುತ್ತಿದ್ದರು. ಬಲೆಯಲ್ಲಿ ಮೀನಿನ ಜೊತೆ ಬಂದು ಬಿಸಾಡಲ್ಪಡುವ ಕಸದಲ್ಲಿಯೇ ಉಪಾಧ್ಯರ ಐಶ್ವರ್ಯವಿತ್ತು. ಇಬ್ಬರೂ ತುಳುವಿನಲ್ಲಿ ಬಹಳ ಹೊತ್ತು ಜಗಳವಾಡುತ್ತಿದ್ದರು. ಬಲೆ ಬಿಟ್ಟದ್ದು ಇಪ್ಪತ್ತು ಮಾರು ಆಳದಲ್ಲಿಯೋ ಮೂವತ್ತರಲ್ಲಿಯೋ ಎಂಬುದೇ ಜಗಳ. ಅಂದಾಜಿನ ಆಳವನ್ನು ಉಪಾಧ್ಯರು ಒಪ್ಪುವವರಲ್ಲ, ಧರ್ಮಪಾಲರು ಅಂದಾಜು ಬಿಟ್ಟು ಮಾತಾಡುವವರಲ್ಲ. ಕೊನೆಗೆ ಇಬ್ಬರೂ ಚಹಾ ಕುಡಿದು ಬೀಳ್ಕೊಳ್ಳುತ್ತಿದ್ದರು.

ಇಷ್ಟೆಲ್ಲ ಹೇಳಿಯೂ ಅವರ ಸ್ವಭಾವದ ಮೂಲಕಂಬವನ್ನು ನಾನಿನ್ನೂ ಮುಟ್ಟಿಲ್ಲ. ಉಪಾಧ್ಯರು ವಿಶ್ವವಿದ್ಯಾಲಯದ ಪರೀಕ್ಷಕರು. ಉತ್ತರಪತ್ರಿಕೆಯಲ್ಲಿ ಪ್ರಶ್ನೆಗೆ ಬೇಕಾದ್ದನ್ನು ಬರೆದು, ಮೇಲೆ ತನಗೆ ಗೊತ್ತಿರುವುದನ್ನೆಲ್ಲ ಸುರಿದ ವಿದ್ಯಾರ್ಥಿಯನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಹೆಚ್ಚಿನ ಪುಟಗಳನ್ನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು ಹೊಡೆದುಹಾಕುತ್ತಿದ್ದರು. ಮೌಖಿಕ ಪರೀಕ್ಷೆಯಲ್ಲಿ ಕೇಳಿದಷ್ಟಕ್ಕೆ ಉತ್ತರಿಸಿ, ಕೈಕಟ್ಟಿ, ಮುಂದಿನ ಪ್ರಶ್ನೆಗೆ ಕಾಯಬೇಕು. ಅದು ವಿದ್ಯೆಯ ಮರ್ಯಾದೆ ಎಂದು ತಲೆಮಾರುಗಳಿಗೆ ಕಲಿಸಿದರು. ಕಲಿಸುತ್ತ ಕಲಿಸುತ್ತ ತಾವೇ ಹಾಗಾದರು. ಒಮ್ಮೆ ಸಂಘದ ಸಭೆಗೆ ಬರುತ್ತೀರಾ ಎಂದು ನಾನು ಫೋನು ಮಾಡಿದಾಗ ಬರುತ್ತೇನೆ ಎಂದು ಬಂದರು. ಮೈ ಕೆಂಡದಂತೆ ಸುಡುತ್ತಿತ್ತು. ಜ್ವರವಿದೆ ಎಂದು ಯಾಕೆ ಹೇಳಲಿಲ್ಲವೆಂದು ಬೈದರೆ, "ನೀವು ಬರ್ತೀರಾ ಅಂತ ಕೇಳಿದ್ದು," ಎಂದರು. ನಾನು ಹಣೆ ಚಚ್ಚಿಕೊಂಡೆ.

ಈ ಸ್ವಭಾವ ಒಂದು ದಿನ ಅವರಿಗೆ ಬಹಳ ದುಬಾರಿಯಾಯಿತು.

ಮಗಳು ಮಾನಸಿ ಇಲ್ಲಿಯೇ ಹುಟ್ಟಿ ಬೆಳೆದವಳು. ಅಪ್ಪ ತುಳುವಿನಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರಿಸುತ್ತಿದ್ದಳು, ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ. ಆದರೆ ಅಪ್ಪನ ಮಾತು ತಪ್ಪದೆ ಅರ್ಥವಾಗುತ್ತಿದ್ದದ್ದು ಮನೆಯಲ್ಲಿ ಅವಳೊಬ್ಬಳಿಗೇ. ಚಿಕ್ಕವಳಿದ್ದಾಗ ಅಪ್ಪನ ಕೋಟು ಹಿಡಿದುಕೊಂಡು ಕೆಸರಿಗೆ ಇಳಿದವಳು. ಎರಡು ಸಾವಿರದ ಹದಿಮೂರರ ಸುಮಾರಿಗೆ, ಐರೋಲಿಯಾಚೆ ಖಾಡಿಯ ದಂಡೆಯಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಅಂಚಿಗಿದ್ದ ಒಂದು ಕೆಸರು ಬಯಲನ್ನು ಮಣ್ಣು ಹಾಕಿ ತುಂಬಿಸಿ ಲಾರಿಗಳ ತಂಗುದಾಣ ಮಾಡುವ ಯೋಜನೆ ಬಂತು. ಉಪಾಧ್ಯರು ತಮ್ಮ ನಡಿಗೆಯನ್ನು ಕಲಿತದ್ದು ಆ ಬಯಲಿನಲ್ಲಿಯೇ. ಅದನ್ನು ಉಳಿಸಲು ಕಾಲೇಜು ಹುಡುಗ ಹುಡುಗಿಯರ ಒಂದು ಗುಂಪು ಹುಟ್ಟಿಕೊಂಡಿತು. ಮಾನಸಿ ಅದರ ಮುಂದಾಳು.

ಗುಂಪಿನವರಿಗೆ ಆ ಕೆಸರಿನಲ್ಲಿ ಒಂದು ಅಪೂರ್ವವಾದ ಚಿಪ್ಪು ಸಿಕ್ಕಿತು. ಮೈತುಂಬ ಮುಳ್ಳಿನ ಸಾಲು, ಬಾಯಂಚಿಗೆ ಕೇಸರಿ ಬಣ್ಣ. ಅಪರೂಪದ ಜೀವಿಯ ನೆಲೆ ಎಂದು ಅದರ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಊರೆಲ್ಲ ಅಂಟಿಸಿದರು. ಆಮೇಲೆ ಮಾನಸಿ ಚಿಪ್ಪನ್ನು ಅಪ್ಪನ ಮುಂದಿಟ್ಟಳು. ಉಪಾಧ್ಯರು ಅದನ್ನು ಮಗುಚಿ ನೀರಿನ ತಟ್ಟೆಯಲ್ಲಿಟ್ಟು ಸುಮ್ಮನೆ ಕಾದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಪುಟ್ಟ ಕೊಂಡಿ ಹೊರಬಂತು, ಹಿಂದೆಯೇ ಎರಡು ಕಣ್ಣು. ಸನ್ಯಾಸಿ ಏಡಿ.

"ಇದು ಹೊರಗಿನ ಸಮುದ್ರದ್ದು ಮಗಾ. ಮೂವತ್ತು ಮಾರಿನಲ್ಲಿ ಇರುದು. ಧರ್ಮಪಾಲ ಕೊಟ್ಟದ್ದು ನನ್ನ ಹತ್ರ ಬೇಕಾದಷ್ಟುಂಟು. ದೋಣಿಯವರು ಬಲೆ ಕೊಡವುವಾಗ ಬಿದ್ದದ್ದು. ಇದನ್ನು ಹಿಡ್ಕೊಂಡು ಹೋಗ್ಬೇಡಿ."

ಮಾನಸಿ ತಟ್ಟೆಯ ಮೇಲೆ ಬಾಗಿ ಏಡಿಯನ್ನು ನೋಡಿದಳು. ಆಮೇಲೆ, ಹಾಗಾದರೆ ಅಲ್ಲಿ ಇರುವುದು ಏನು ಎಂದು ಕೇಳಿದಳು. ಆಗ ಉಪಾಧ್ಯರು ಹೇಳಿದ್ದನ್ನು ಜಲಜಾಕ್ಷಮ್ಮ ನನಗೆ ಆಮೇಲೆ ಬಣ್ಣಿಸಿದರು. ಅಪರೂಪದ್ದು ಒಂದೂ ಇಲ್ಲ, ಇರುವುದೆಲ್ಲ ಸಾಮಾನ್ಯ. ಆದರೆ ಆ ಸಾಮಾನ್ಯರು ಲಕ್ಷಗಟ್ಟಲೆ ಇದ್ದಾರೆ, ಕೆಸರಿನ ಮೇಲಿನ ಪೊರೆಯನ್ನು ಮೇದು, ಸತ್ತದ್ದನ್ನು ತಿಂದು, ಖಾಡಿಯನ್ನು ಖಾಡಿಯಾಗಿ ಉಳಿಸಿದ್ದಾರೆ. ಅವರಿಲ್ಲದಿದ್ದರೆ ಮೀನಿಲ್ಲ, ಹಕ್ಕಿಯಿಲ್ಲ. ಇದನ್ನೇ ಸುನಾವಣಿಯಲ್ಲಿ ಹೇಳೋಣ ಎಂದು ಅಪ್ಪ ಮಗಳು ಒಪ್ಪಿದರು. ಮಾನಸಿ ಎದ್ದು ನಿಂತು ಕೇಳುವುದು, ಉಪಾಧ್ಯರು ಉತ್ತರಿಸುವುದು. ಅವರು ರಜೆ ಹಾಕಿ ಚಿತ್ರ ಬರೆದರು, ಡಬ್ಬಿಗಳನ್ನು ಜೋಡಿಸಿದರು. ಮಗಳ ಎದುರು ಅವರು ಅಷ್ಟು ಹುರುಪಿನಲ್ಲಿದ್ದುದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

ಸುನಾವಣಿ ಎಂದರೆ ಸರ್ಕಾರದ ಅಧಿಕಾರಿ ಕೂತು ಯೋಜನೆಯ ಬಗ್ಗೆ ಜನರ ಅಹವಾಲು ಕೇಳುವ ಸಭೆ. ಮೊದಲೇ ಹೆಸರು ಕೊಟ್ಟವರಿಗೆ ಮಾತ್ರ ಮಾತು; ನಾನು ಹಿಂದಿನ ಸಾಲಿನಲ್ಲಿ ಪ್ರೇಕ್ಷಕ. ಸಭಾಂಗಣ ಕಿಕ್ಕಿರಿದಿತ್ತು, ಫ್ಯಾನುಗಳು ಗಾಳಿಗಿಂತ ಸದ್ದನ್ನೇ ಹೆಚ್ಚು ಮಾಡುತ್ತಿದ್ದವು. ಉಪಾಧ್ಯರ ಹೆಸರು ಕರೆದರು. ಅವರು ಹಿಮ್ಮಡಿ ಎತ್ತಿ ಎತ್ತಿ ಮೈಕಿನ ಬಳಿಗೆ ನಡೆದರು. ಮಾನಸಿ ಬಾಯಿ ತೆರೆಯುವ ಮೊದಲೇ, ಯೋಜನೆಯ ಕಡೆಯ ಒಬ್ಬ ವಕೀಲರು ಎದ್ದು, ಆ ಅಚ್ಚು ಹಾಕಿಸಿದ ಚಿತ್ರವನ್ನು ಎತ್ತಿ ಹಿಡಿದರು.

"ಸರ್, ಹೀ ಗೋಗಲಗಾಯ್ ಇಥೆ ರಾಹತೇ ಕಾ?" ಈ ಬಸವನಹುಳು ಇಲ್ಲಿ ವಾಸಿಸುತ್ತದೆಯೇ ಎಂದು ಅವರು ಕೇಳಿದ್ದು.

"ನಾಹೀ," ಎಂದರು ಉಪಾಧ್ಯರು.

ಅಷ್ಟು ಹೇಳಿ, ಕೈಕಟ್ಟಿ, ಮುಂದಿನ ಪ್ರಶ್ನೆಗೆ ಕಾದರು.

ಬೇರೆ ಯಾರಾದರೂ ಆಗಿದ್ದರೆ 'ಇಲ್ಲ, ಆದರೆ' ಎಂದು ಮೈಕನ್ನು ಹಿಡಿದುಕೊಂಡೇ ಮುಂದಿನದನ್ನು ಕೂಗಿ ಹೇಳುತ್ತಿದ್ದರು. ಸಭೆಯ ಒಂದು ಪಕ್ಕ ಚಪ್ಪಾಳೆ ಹೊಡೆಯಿತು, ಇನ್ನೊಂದು ಪಕ್ಕ ಗದ್ದಲವೆಬ್ಬಿಸಿತು. ಮಾನಸಿ ಎದ್ದು ನಿಂತು ಏನೋ ಕೇಳುತ್ತಿದ್ದಳು, ಗದ್ದಲದಲ್ಲಿ ಅವಳ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು. ಅಧಿಕಾರಿ ಮೇಜು ಕುಟ್ಟಿ, ಉಪಾಧ್ಯರಿಗೆ ಧನ್ಯವಾದ ಹೇಳಿ, ಮುಂದಿನ ಹೆಸರು ಕರೆದರು. ಉಪಾಧ್ಯರು ಆಗಲೂ ನಿಂತೇ ಇದ್ದರು. ಪ್ರಶ್ನೆ ಬಂದೇ ಬರುತ್ತದೆ, ಇಷ್ಟು ಜನ ಕೂತಿರುವಾಗ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ ಎಂಬ ನಂಬಿಕೆ ಅವರ ಮುಖದಲ್ಲಿ ಅಷ್ಟು ಸ್ಪಷ್ಟವಾಗಿತ್ತೆಂದರೆ, ನನಗೆ ನೋಡಲಾಗದೆ ತಲೆ ತಗ್ಗಿಸಿದೆ. ಯಾರೋ ಬಂದು ಅವರ ತೋಳು ಹಿಡಿದು ಕೆಳಗಿಳಿಸಿದರು. ಜೇಬಿನ ಡಬ್ಬಿಗಳು ಜೇಬಿನಲ್ಲಿಯೇ ಉಳಿದವು.

ಮರಳುವಾಗ ಠಾಣೆಯಿಂದ ಕಲ್ಯಾಣ್ ಲೋಕಲ್. ಮೂವರೂ ಒಂದೇ ಬೋಗಿಯಲ್ಲಿ ಕೂತಿದ್ದೆವು. ದಿವಾ ಸ್ಟೇಷನ್ ಬಂದಾಗ ಮಾನಸಿ ಕಿಟಕಿಯ ಕಡೆ ಮುಖವಿಟ್ಟುಕೊಂಡೇ ಕೇಳಿದಳು.

"ಪಪ್ಪಾ, ತುಮ್ಹೀ ಗಪ್ಪ್ ಕಾ ಝಾಲಾತ್?" ಯಾಕೆ ಸುಮ್ಮನಾದಿರಿ ಎಂದು.

"ಕೇಳ್ಲಿಲ್ಲ ಅಲ್ವಾ ಮಗಾ," ಎಂದರು.

ಅವಳು ಆ ರಾತ್ರಿ ಊಟ ಮಾಡಲಿಲ್ಲ, ಆಮೇಲೆ ಎಷ್ಟೋ ತಿಂಗಳು ಅಪ್ಪನೊಡನೆ ಮಾತಾಡಲಿಲ್ಲ. ಮರುದಿನದ ಪತ್ರಿಕೆಯಲ್ಲಿ, ಬಯಲಿನಲ್ಲಿ ಅಪರೂಪದ ಜೀವಿ ಏನೂ ಇಲ್ಲವೆಂದು ತಜ್ಞರೇ ಹೇಳಿದರು ಎಂದು ಬಂತು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಅದೇ ಉಪಾಧ್ಯರನ್ನು ಕೊರೆಯಿತು. ಹೇಳದೆ ಉಳಿದದ್ದನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡು ಕಚೇರಿಗೆ ಹೋದರೆ, ಅವಧಿ ಮುಗಿದಿದೆ ಎಂದರು. ಮತ್ತೆ ಹೋದರು, ಮತ್ತೊಂದು ಕಿಟಕಿ ತೋರಿಸಿದರು. ಗುಂಪಿನ ಹುಡುಗರು ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿದ್ದರು. ದುಡ್ಡು ತಿಂದಿದ್ದಾರೆ ಎಂಬ ಮಾತೂ ಹುಟ್ಟಿತು. ಈ ಮಾತು ಹುಟ್ಟಿಸಿದವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

"ಅಲ್ರೀ ಉಪಾಧ್ಯರ, ಒಂದು ಮಾತು ಹೆಚ್ಚಿಗಿ ಆಡಿದ್ರ ಗಂಟೇನು ಹೋಗ್ತಿತ್ತು ನಿಮ್ಮದು?" ಎಂದು ಒಂದು ದಿನ ನಾನೇ ರೇಗಿದೆ.

"ಹೆಚ್ಚು ಬರೆದ ಮಕ್ಕಳಿಗೆ ನಾನು ಗೆರೆ ಹೊಡೀತಿದ್ದೆ. ಅವರಲ್ಲಿ ಎಷ್ಟು ಜನ, ಕೇಳದ್ದನ್ನು ಹೇಳ್ಲೇಬೇಕಾಗಿ ಬರೆದದ್ದೋ ಏನೋ." ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ಕೇಳದೆ ಇದ್ದ ಮಾತನ್ನು ಅವರು ತಾವಾಗಿ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಯಲಿನ ಸುತ್ತ ತಗಡಿನ ಬೇಲಿ ಹಾಕುವ ದಿನ ಗೊತ್ತಾಯಿತು. ಅದರ ಹಿಂದಿನ ಭಾನುವಾರ, ಬೆಳಗಿನ ಇಳಿತದ ಹೊತ್ತಿಗೆ, ಉಪಾಧ್ಯರು ಎಲ್ಲರನ್ನೂ ಕೆಸರಿಗೆ ಕರೆದರು. ಗುಂಪಿನವರಲ್ಲಿ ಬಂದವರು ಕೈಬೆರಳೆಣಿಕೆಯಷ್ಟು. ನಾನು ಪ್ಯಾಂಟು ಮಡಚಿಕೊಂಡು ಹೋದೆ. ಜಲಜಾಕ್ಷಮ್ಮ ಸೀರೆ ಎತ್ತಿ ಕಟ್ಟಿಕೊಂಡು, "ಇಷ್ಟು ವರ್ಷ ಇದರ ವಾಸನೆ ಮಾತ್ರ ನೋಡಿದ್ದು," ಎನ್ನುತ್ತ ಇಳಿದರು. ಮಾನಸಿ ಬಂದಿದ್ದಳು, ದೂರದಲ್ಲಿ, ಒಡ್ಡಿನ ಮೇಲೆ, ಕೈಕಟ್ಟಿ ನಿಂತಿದ್ದಳು.

ಕೆಸರಿನಲ್ಲಿ ನಾವೆಲ್ಲ ಮುಗ್ಗರಿಸುತ್ತಿದ್ದೆವು. ಅವರೊಬ್ಬರ ನಡಿಗೆ ಮಾತ್ರ ಅಲ್ಲಿ ಸಹಜವಾಗಿತ್ತು, ಸುಂದರವೂ ಆಗಿತ್ತು. ಯಾರೂ ಏನೂ ಕೇಳದೆ ಅವರು ಮಾತಾಡತೊಡಗಿದರು. ನೀರು ಏರಿದಂತೆ ತಾನೂ ಕಾಂಡ್ಲಾ ಗಿಡದ ಕಾಂಡ ಹತ್ತಿ, ಇಳಿದಂತೆ ಇಳಿದು, ಸಮುದ್ರದಲ್ಲಿ ಹುಟ್ಟಿಯೂ ಸಮುದ್ರಕ್ಕೆ ಹೆದರುವ ಪುಟ್ಟದನ್ನು ತೋರಿಸಿದರು. ಅದರ ಕೆಳಗೆ ಕೆಸರನ್ನೇ ಮೇಯುವ ಕಡುಕಪ್ಪು ಮೊನಚು ಚಿಪ್ಪಿನವು. ಕೆಸರಿನಲ್ಲಿ ಅವು ಹೊರಳಿದ ದಾರಿ ಇನ್ನೂ ಹಸಿಯಾಗಿತ್ತು. ಅದಕ್ಕೂ ಕೆಳಗೆ, ನೀರಿನಂಚಿನಲ್ಲಿ, ಒಂದು ಸತ್ತ ಮೀನನ್ನಿಟ್ಟು ನಮ್ಮನ್ನು ಕಾಯಲು ಹೇಳಿದರು. ಏನೂ ಇಲ್ಲದಿದ್ದ ಕೆಸರಿನಿಂದ ಸಣ್ಣ ಸಣ್ಣ ಸೊಂಡಿಲುಗಳು ಎದ್ದವು, ನೋಡನೋಡುತ್ತಿದ್ದಂತೆ ಮೀನಿನ ಮೈ ಕಾಣದಷ್ಟು ಹುಳುಗಳು ಕವಿದುಕೊಂಡವು. ಒಂದು ಅಂಗೈಯಗಲದ ಎತ್ತರ ತಗ್ಗಿಗೆ ಒಂದು ಕುಲ ಬದಲಾಗುತ್ತಿತ್ತು, ಒಂದು ಊಟ ಬದಲಾಗುತ್ತಿತ್ತು. ಅವರು ಒಂದೊಂದನ್ನೂ ಎತ್ತಿ, ಹೆಸರು ಹೇಳಿ, ತಿರುಗಿ ಅದರ ಜಾಗದಲ್ಲಿಯೇ ಇಟ್ಟರು. ಅವರ ದನಿ ಅಷ್ಟು ದೊಡ್ಡದಾಗಬಲ್ಲದೆಂದು ನನಗೆ ತಿಳಿದಿರಲಿಲ್ಲ. ಕೇಳಲು ನಿಂತಿದ್ದ ಐದಾರು ಜನರಿಗಲ್ಲ, ಅಂದಿನ ಆ ಇಡೀ ಸಭಾಂಗಣಕ್ಕೆ ಹೇಳುತ್ತಿದ್ದಾರೆಂದು ನನಗೆ ತೋರಿತು.

ಒಂದು ಹಂತದಲ್ಲಿ ಅವರು ಉಸಿರು ತೆಗೆದುಕೊಳ್ಳಲು ನಿಂತರು. ಮುಗಿಯಿತೆಂದು ಹುಡುಗರು ದಡದ ಕಡೆ ತಿರುಗಿದರು. ಆಗ ಹಿಂದಿನಿಂದ ಕೆಸರು ಕಲಕುವ ಸದ್ದು ಕೇಳಿಸಿತು. ಮಾನಸಿ ಒಡ್ಡಿನಿಂದ ಇಳಿದು ಬಂದಿದ್ದಳು. ಹಿಮ್ಮಡಿಯನ್ನು ಮೊದಲು ಎತ್ತಿ, ಪಾದವನ್ನು ನೆಟ್ಟಗೆ ಕಿತ್ತು, ಅಪ್ಪನಂತೆಯೇ ನಡೆದು ಬಂದಳು.

"ಅಜೂನ್ ಕಾಯ್ ಆಹೇ, ಪಪ್ಪಾ?" ಎಂದಳು. ಇನ್ನೂ ಏನೇನು ಇದೆ.

ಉಪಾಧ್ಯರು ಮಗಳ ಮುಖವನ್ನು ನೋಡಿದರು. ಆಮೇಲೆ ಅವಳ ಮೊಣಕೈ ಹಿಡಿದು, ನೀರಿನ ಕಡೆಗೆ, ನಮಗೆ ಹೋಗಲು ಧೈರ್ಯ ಸಾಲದ ಕಡೆಗೆ ನಡೆದರು. ಅವರು ಬಾಗುವುದೂ, ಏನನ್ನೋ ಎತ್ತಿ ಅವಳ ಅಂಗೈಯಲ್ಲಿಡುವುದೂ, ಅವಳು ಕಣ್ಣಿಗೆ ಹತ್ತಿರ ಹಿಡಿದು ಮತ್ತೆ ಏನೋ ಕೇಳುವುದೂ ದೂರದಿಂದ ಕಾಣುತ್ತಿತ್ತು. ಭರತ ಏರಿ ನೀರು ಅವರ ಮೊಣಕಾಲು ಮುಟ್ಟುವವರೆಗೂ ಇಬ್ಬರೂ ಅಲ್ಲಿಯೇ ಇದ್ದರು. ಜಲಜಾಕ್ಷಮ್ಮ ಒಡ್ಡಿನ ಮೇಲೆ ಕೂತು, ಅವರನ್ನು ಕರೆಯದೆ, ಸುಮ್ಮನೆ ನೋಡುತ್ತಿದ್ದರು.

ಬಯಲು ಉಳಿಯಲಿಲ್ಲ. ಈಗ ಅಲ್ಲಿ ಲಾರಿಗಳು ನಿಲ್ಲುತ್ತವೆ, ಮಳೆಗಾಲದಲ್ಲಿ ಸುತ್ತಲಿನ ರಸ್ತೆಗೆ ಖಾಡಿಯ ನೀರು ನುಗ್ಗುತ್ತದೆ, ಯಾಕೆ ನುಗ್ಗುತ್ತದೆಂದು ಪತ್ರಿಕೆಗಳು ವರ್ಷಕ್ಕೊಮ್ಮೆ ಅಚ್ಚರಿಪಡುತ್ತವೆ. ಉಪಾಧ್ಯರು ನಿವೃತ್ತರಾಗಿ ಬೇರೊಂದು ದಂಡೆಯನ್ನು ಹುಡುಕಿಕೊಂಡಿದ್ದಾರೆ. ಕೆಲವು ಭಾನುವಾರ ಮಗಳೂ ಜೊತೆಗೆ ಹೋಗುತ್ತಾಳೆ.

ಇಂಥವರು ನಮ್ಮ ನಡುವೆ ನಾವೆಣಿಸಿದ್ದಕ್ಕಿಂತ ಹೆಚ್ಚು ಜನರಿದ್ದಾರೆ. ಜೀವಮಾನವಿಡೀ ಒಂದೇ ಸಂಗತಿಯ ಬಳಿ ಕೂತು, ಅದರ ಬಗ್ಗೆ ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡು, ಅದನ್ನು ಹೇಳಿಕೊಳ್ಳುವ ವಿದ್ಯೆಯೊಂದನ್ನು ಮಾತ್ರ ಕಲಿಯದೆ ಉಳಿದವರು. ಅವರ ಬಾಯಲ್ಲಿ ಸುಳ್ಳು ಬರುವುದಿಲ್ಲ, ಅದಕ್ಕೇ ಸುಳ್ಳು ಹೇಳುವವರಿಗೆ ಅವರ ಒಂದು ಮಾತು ಸಾಕಾಗುತ್ತದೆ. ಗಟ್ಟಿಯಾಗಿ ಮಾತಾಡಿ ಎಂದು ಅವರಿಗೆ ಬುದ್ಧಿ ಹೇಳುವುದು ಸುಲಭ, ನ್ಯಾಯವಲ್ಲ. ಅವರು ತಮ್ಮ ಪಾಲಿನ ಕೆಲಸವನ್ನು ಮಾಡಿ ಮುಗಿಸಿ, ಮೈಕಿನ ಮುಂದೆ ಕೈಕಟ್ಟಿ ನಿಂತಿರುತ್ತಾರೆ. ಎರಡನೆಯ ಪ್ರಶ್ನೆಯನ್ನು ಕೇಳುವುದು ನಮ್ಮ ಪಾಲಿನ ಕೆಲಸ.